ಬ್ರೌಸರ್ ಎಕ್ಸ್‌ಟೆನ್ಶನ್ ನಾವೇ ಮಾಡಬಹುದಾ?

ಡೊಂಬಿವಲಿಯಲ್ಲಿರುವ ಅಪ್ಪ ಕನ್ನಡ ಪೇಪರಿನ ಸೈಟ್ ತೆರೆದ ಕೂಡಲೇ ಅಕ್ಷರ ದೊಡ್ಡದಾಗಿ ಕಾಣಬೇಕು, ಅದಕ್ಕೊಂದು ಪ್ಲಗಿನ್ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಫ್ಲ್ಯಾಶ್‌ನಂಥ ಹಳೇ ಪ್ಲಗಿನ್‌ಗಳ ಕಾಲ 2020ಕ್ಕೇ ಮುಗಿಯಿತು. ಈಗ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ನಾವು ಸೇರಿಸುವ ಪುಟ್ಟ ಪ್ರೋಗ್ರಾಮ್. ಒಂದು ಫೋಲ್ಡರ್, ಎರಡು ಫೈಲ್ ಸಾಕು.

ಒಂದು ಮ್ಯಾನಿಫೆಸ್ಟ್.ಜೇಸನ್ (manifest.json), ಎಕ್ಸ್‌ಟೆನ್ಶನ್‌ನ ವಿವರ ಬರೆಯುವ ಫೈಲ್: ಹೆಸರು, ವರ್ಶನ್, ಮ್ಯಾನಿಫೆಸ್ಟ್ ವರ್ಶನ್ 3, ಯಾವ ಸೈಟಿನಲ್ಲಿ ಯಾವ ಸ್ಕ್ರಿಪ್ಟ್ ಓಡಬೇಕು ಅನ್ನೋದು. ಇನ್ನೊಂದು ಆ ಸ್ಕ್ರಿಪ್ಟ್, ಅಂದರೆ ಜಾವಾಸ್ಕ್ರಿಪ್ಟ್ ಕೋಡ್ ಇರುವ ಫೈಲ್. ಆ ಸೈಟ್ ತೆರೆದಾಗ ಬ್ರೌಸರೇ ಅದನ್ನು ಪುಟದೊಳಗೆ ಓಡಿಸುತ್ತದೆ. ನಿಮಗೆ ಬಾಡಿಯ (ಪುಟದ ಕಾಣುವ ಭಾಗದ) ಝೂಮ್ 1.4 ಮಾಡುವ ಒಂದೇ ಸಾಲು ಸಾಕು. ಕ್ರೋಮ್‌ನ ಎಕ್ಸ್‌ಟೆನ್ಶನ್ಸ್ ಪುಟದಲ್ಲಿ ಡೆವಲಪರ್ ಮೋಡ್ ಆನ್ ಮಾಡಿ, 'ಲೋಡ್ ಅನ್‌ಪ್ಯಾಕ್ಡ್' ಒತ್ತಿ ಫೋಲ್ಡರ್ ತೋರಿಸಿ.

ಎಲ್ಲ ಸೈಟಿಗೂ ಸುಮ್ನೆ ಪರ್ಮಿಶನ್ ಬರೆಯಬೇಡಿ, ಬ್ಯಾಂಕಿನ ಪುಟವನ್ನೂ ಎಕ್ಸ್‌ಟೆನ್ಶನ್ ಓದಬಲ್ಲದು ಅಲ್ವಾ! ಅಪ್ಪ ಓದೋದು ಮೊಬೈಲಿನಲ್ಲಾದರೆ, ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲಾಗದು, ಅದನ್ನು ಬಿಟ್ಟು ಫೈರ್‌ಫಾಕ್ಸ್ ನೋಡಿ.