ಡಬ್ಬಿಯೊಳಗಿನ ನಗು, ಮುಕ್ಕಾಲು ನಿಮಿಷದ ಹಾಡು

ಪ್ರಶ್ನೆ: ನಾನು ಟಿ.ವಿ. ಹಾಸ್ಯ ಧಾರಾವಾಹಿಗಳ ಹಳೆಯ ಅಭಿಮಾನಿ. ಆದರೆ ಪ್ರತಿ ಮಾತಿನ ಬೆನ್ನಿಗೂ ಕೇಳಿಬರುವ ಆ ನಗು ನನಗೆ ಕಿರಿಕಿರಿ ಉಂಟುಮಾಡುತ್ತದೆ. ಎಲ್ಲಿ ನಗಬೇಕೆಂಬುದನ್ನೂ ವೀಕ್ಷಕನಿಗೆ ಹೇಳಿಕೊಡಬೇಕೆ?

ಉತ್ತರ: ನಿಮ್ಮ ಕಿರಿಕಿರಿಯಲ್ಲಿ ನನಗೂ ಅರ್ಧ ಪಾಲಿದೆ, ಪೂರ್ತಿ ಇಲ್ಲ. ಏಕೆಂದರೆ ಆ ನಗುವಿನಲ್ಲಿ ಎರಡು ಬಗೆಗಳಿವೆ. ಒಂದು, ಸ್ಟುಡಿಯೊದಲ್ಲಿ ಕುಳಿತ ಪ್ರೇಕ್ಷಕರದು. 1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ ಎಂಬ ಅಮೆರಿಕದ ಹಾಸ್ಯ ಧಾರಾವಾಹಿಯನ್ನು ಜನರೆದುರು ನಾಟಕದಂತೆ ಆಡುತ್ತ, ಮೂರು ಕ್ಯಾಮೆರಾಗಳಲ್ಲಿ ಏಕಕಾಲಕ್ಕೆ ಚಿತ್ರೀಕರಿಸುತ್ತಿದ್ದರು. ಇನ್ನೊಂದು, ಡಬ್ಬಿಯೊಳಗಿನದು. ಚಾರ್ಲ್ಸ್ ಡಗ್ಲಾಸ್ ಎಂಬ ಅಮೆರಿಕದ ಧ್ವನಿ ತಂತ್ರಜ್ಞರು ಮುದ್ರಿತ ನಗೆಗಳನ್ನು ಒಂದು ಯಂತ್ರದಲ್ಲಿ ತುಂಬಿಸಿಟ್ಟು, ಟೈಪ್‌ರೈಟರಿನಂಥ ಕೀಲಿಗಳನ್ನು ಒತ್ತಿ ಮುಸಿನಗೆಯನ್ನೋ ಅಟ್ಟಹಾಸವನ್ನೋ ಹೊರಡಿಸುತ್ತಿದ್ದರು, ಕಾಲಿನಿಂದ ಪೆಡಲ್ ತುಳಿದು ಅದರ ಉದ್ದವನ್ನು ಹೊಂದಿಸುತ್ತಿದ್ದರು. ಒಳಗಿನ ಗುಟ್ಟು ತಿಳಿಯಬಾರದೆಂದು ಯಂತ್ರಕ್ಕೆ ಬೀಗವನ್ನೂ ಹಾಕುತ್ತಿದ್ದರು. ನಗೆಯನ್ನು ಬೀಗ ಹಾಕಿ ಕಾಪಾಡಿದ ಈ ಸಂಗತಿಯೇ ಒಂದು ಕಂತಿಗೆ ಸಾಕಾಗುವಷ್ಟು ಹಾಸ್ಯವೆಂದು ನನಗೆ ಅನಿಸುತ್ತದೆ.

ಆದರೆ ಪ್ರೇಕ್ಷಕರೆದುರು ಆಡಿದ ದೃಶ್ಯದಿಂದ ನಗುವನ್ನು ಮಾತ್ರ ಅಳಿಸಿ ನೋಡಿದರೆ ಏನಾಗುತ್ತದೆಂಬುದನ್ನು ಗಮನಿಸಿ. ನಟನು ಪಂಚ್ ಹೇಳಿ ಮುಗಿಸಿ, ಹುಬ್ಬು ಎತ್ತಿದಂತೆಯೇ ಎರಡು ಮೂರು ಸೆಕೆಂಡು ಸುಮ್ಮನೆ ನಿಂತುಬಿಡುತ್ತಾನೆ. ಎದುರಿಗಿದ್ದವಳು ಉತ್ತರ ಕೊಡಲು ಬಾಯಿ ತೆರೆದು ಮತ್ತೆ ಮುಚ್ಚುತ್ತಾಳೆ. ಇಬ್ಬರೂ ತಮ್ಮ ಮಾತು ಮರೆತವರಂತೆ ಕಾಣುತ್ತಾರೆ. ಟೈಮಿಂಗ್ ಎಂದು ಕಲಾವಿದರು ಹೇಳುವುದರ ಅರ್ಧಭಾಗ ಆ ಕಾಯುವಿಕೆಯಲ್ಲಿದೆ, ಮತ್ತು ಆ ಬಿಡುವನ್ನು ನಗುವಿಗಾಗಿಯೇ ಅಳೆದು ಇಟ್ಟಿರುತ್ತಾರೆ. ನಗುವಿಲ್ಲದ ಧಾರಾವಾಹಿಯನ್ನು ಬರೆಯುವ ಲಯವೇ ಬೇರೆ. ಎಲ್ಲಿ ನಗು ಬೇಡವೆಂಬುದೂ ಜಾಣತನದ ಪ್ರಶ್ನೆಯೇ: ಯುದ್ಧಭೂಮಿಯ ಆಸ್ಪತ್ರೆಯೊಂದರ ಕತೆಯಾದ ‘ಮ್ಯಾಶ್’ ಧಾರಾವಾಹಿಯಲ್ಲಿ ವಾಹಿನಿಯ ಒತ್ತಾಯಕ್ಕೆ ನಗುವನ್ನು ಸೇರಿಸಿದರೂ, ಶಸ್ತ್ರಚಿಕಿತ್ಸೆಯ ಕೋಣೆಯ ದೃಶ್ಯಗಳಿಗೆ ಅದು ಬೇಡವೆಂದು ನಿರ್ಮಾಪಕರು ಪಟ್ಟುಹಿಡಿದು ಗೆದ್ದರು. ನಿಮ್ಮ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಪ್ರಶ್ನೆ: ಶೀರ್ಷಿಕೆ ಗೀತೆ ಬಂದ ಕೂಡಲೇ ನನ್ನ ಮಗ ಅದನ್ನು ದಾಟಿಸಿಬಿಡುತ್ತಾನೆ. ಅವುಗಳಿಗೆ ಸಂಗೀತವೆಂಬ ಬೆಲೆ ಇದೆಯೇ?

ಉತ್ತರ: ಖಂಡಿತ ಇದೆ. ‘ಫ್ರೆಂಡ್ಸ್’ ಧಾರಾವಾಹಿಗೆಂದು ಹೊಸೆದ ಗೀತೆ ಒಂದು ನಿಮಿಷಕ್ಕೂ ಕಡಿಮೆಯದಾಗಿತ್ತು; ರೇಡಿಯೊ ಕೇಂದ್ರವೊಂದು ಅದನ್ನೇ ಮತ್ತೆ ಮತ್ತೆ ಜೋಡಿಸಿ ಹಾಡಿನಷ್ಟು ಉದ್ದ ಮಾಡಿ ಪ್ರಸಾರ ಮಾಡಿದಾಗ ಕೇಳುಗರ ಬೇಡಿಕೆ ಹೆಚ್ಚಿ, ರೆಂಬ್ರಾಂಟ್ಸ್ ತಂಡವು ಪೂರ್ಣ ಹಾಡನ್ನು ಮುದ್ರಿಸಬೇಕಾಯಿತು. ಆದರೂ ಪೂರ್ಣ ಹಾಡಿಗಿಂತ ಆ ಚಿಕ್ಕ ತುಣುಕೇ ನನಗೆ ಹೆಚ್ಚು ಇಷ್ಟ, ಅದರ ನಡುವೆ ಬರುವ ನಾಲ್ಕು ಚಪ್ಪಾಳೆಗಳಿಗೆ ನನ್ನ ಕೈ ತಾನಾಗಿಯೇ ಏಳುತ್ತದೆ. ‘ಸೈನ್‌ಫೆಲ್ಡ್’ಗೆ ಸಂಗೀತ ಸಂಯೋಜಕ ಜೊನಾಥನ್ ವುಲ್ಫ್ ಮಾಡಿದ್ದು ಇನ್ನೂ ಸೂಕ್ಷ್ಮವಾದ ಕೆಲಸ. ಹಾಸ್ಯಗಾರನಾದ ನಾಯಕನು ವೇದಿಕೆಯ ಮೇಲೆ ಆಡುವ ಮಾತಿನ ಓಟಕ್ಕೆ ತಕ್ಕಂತೆ ಅವರು ಸಂಗೀತವನ್ನು ಕಂತಿನಿಂದ ಕಂತಿಗೆ ಹೊಂದಿಸುತ್ತಿದ್ದರು. ನಿಮ್ಮ ಮಗ ದಾಟಿಸುವುದು ಇಂಥದ್ದನ್ನೂ ಎಂದು ಒಮ್ಮೆ ತಿಳಿಸಿ ನೋಡಿ.

ಪ್ರಶ್ನೆ: ನಾನು ಕೇಳುವುದು ಅವೇ ಹಳೆಯ ಹಾಡುಗಳನ್ನು, ನೋಡುವುದು ಅವೇ ಹಳೆಯ ಕಂತುಗಳನ್ನು. ಹೊಸದರಲ್ಲಿ ಸತ್ವವಿಲ್ಲವೋ, ನನಗೇ ವಯಸ್ಸಾಯಿತೋ?

ಉತ್ತರ: ಹದಿಹರೆಯದಲ್ಲಿ ಕೇಳಿದ ಹಾಡುಗಳು ಎಲ್ಲರಲ್ಲಿಯೂ ಆಳವಾಗಿ ಉಳಿಯುತ್ತವೆ, ಆದ್ದರಿಂದ ವಯಸ್ಸಿನ ಪಾತ್ರ ಇದ್ದೇ ಇದೆ. ಹಾಡು ಈಗ ಚಿಕ್ಕದಾಯಿತೆಂದು ಮಾತ್ರ ದೂರಬೇಡಿ. ಹತ್ತು ಅಂಗುಲದ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಗೂ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷವೇ. ಇನ್ನು ಮತ್ತೆ ಮತ್ತೆ ನೋಡುವ ವಿಷಯದಲ್ಲಿ ನಾನು ನಿಮ್ಮ ಪಂಗಡದವನೇ. ಬ್ರಿಟಿಷ್ ಹಾಸ್ಯ ಧಾರಾವಾಹಿ ‘ಫಾಲ್ಟಿ ಟವರ್ಸ್’ 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡೇ ಕಂತುಗಳಲ್ಲಿ ಮುಗಿದುಹೋಯಿತು. ಚರಣ ಮುಗಿಯುವಾಗ ಪಲ್ಲವಿಗೆ ಕಿವಿ ಕಾಯುವಂತೆ, ಅದರ ನಾಯಕನಾದ ಹೋಟೆಲ್ ಮಾಲೀಕ ಬ್ಯಾಸಿಲ್ ಇನ್ನೇನು ಸಿಡಿಯುತ್ತಾನೆಂದು ತಿಳಿದಿದ್ದೂ ನಾನು ಇಂದಿಗೂ ಕುರ್ಚಿಯ ಅಂಚಿಗೆ ಬಂದು ಕುಳಿತಿರುತ್ತೇನೆ.