ಹೀಟಿಂಗ್ ವ್ಯವಸ್ಥೆಗೆ ಆಂಟಿಫ್ರೀಜ್: ಎಷ್ಟು, ಹೇಗೆ?

ಪ್ರಶ್ನೆ: ನಮ್ಮ ಬಾಯ್ಲರ್, ರೇಡಿಯೇಟರ್‌ಗಳಿಗೆ ಒಟ್ಟು 120 ಲೀಟರ್ ಹಿಡಿಯುತ್ತದೆ. ನೀರು ಹೆಪ್ಪುಗಟ್ಟದಂತೆ ಶೇ 30ರಷ್ಟು ಪ್ರೊಪಿಲೀನ್ ಗ್ಲೈಕಾಲ್ ಹಾಕಿಸಿದ್ದೆವು. ಪ್ರೆಷರ್ ಇಳಿದಾಗಲೆಲ್ಲ ನಲ್ಲಿ ನೀರು ತುಂಬಿದೆವು. ಈಗ ಶೇ 20 ತೋರಿಸುತ್ತಿದೆ. ಎಷ್ಟು ಸೇರಿಸಬೇಕು? ತುಕ್ಕು ತಡೆಯುವ ಇನ್‌ಹಿಬಿಟರ್ ಬೇರೆ ಬೇಕೆ? ಕಾರಿನ ಕೂಲೆಂಟ್ ಆದೀತೆ?

ಉತ್ತರ: ಶೇ 30 ಇದ್ದದ್ದು 20ಕ್ಕೆ ಇಳಿಯಬೇಕಾದರೆ ಕನಿಷ್ಠ 40 ಲೀಟರ್ ದ್ರವ ಹೊರಗೆ ಹೋಗಿರಬೇಕು. ಅದು ಎಲ್ಲಿ ಹೋಯಿತು ಎಂದು ತಿಳಿಯದೆ ಹೊಸ ಗ್ಲೈಕಾಲ್ ಸುರಿಯುವುದು ದುಡ್ಡು ದಂಡ.

ಮೊದಲು, ಬಿಸಿಯಾಗಿ ಹಿಗ್ಗುವ ದ್ರವಕ್ಕೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕ್ ನೋಡಿ. ಅದರ ಗಾಳಿ ವಾಲ್ವಿನ ಪಿನ್ ಒತ್ತಿದಾಗ ಗಾಳಿಯ ಬದಲು ನೀರು ಚಿಮ್ಮಿದರೆ ಒಳಗಿನ ರಬ್ಬರ್ ಪೊರೆ ಹರಿದಿದೆ, ಟ್ಯಾಂಕನ್ನೇ ಬದಲಿಸಬೇಕು. ಗಾಳಿ ಕಡಿಮೆಯಾಗಿದ್ದರೂ ತೊಂದರೆಯೇ: ಬಿಸಿಯಾದಾಗ ಪ್ರೆಷರ್ 3 ಬಾರ್‌ಗೆ ಏರಿ ಸೇಫ್ಟಿ ವಾಲ್ವ್ ದ್ರವವನ್ನು ಹೊರಚೆಲ್ಲುತ್ತದೆ, ತಣ್ಣಗಾದಾಗ ಗೇಜ್ ಕೆಳಗಿಳಿಯುತ್ತದೆ. ಅಲ್ಲಿ ಎಲ್ಲ ಸರಿಯಿದ್ದರೆ ಕೀಲುಗಳನ್ನು ಒಂದೊಂದಾಗಿ ಒರೆಸಿ ನೋಡಿ. ನೀರು ಸೋರದ ಕೀಲಿನಲ್ಲೂ ಗ್ಲೈಕಾಲ್ ಜಿನುಗುತ್ತದೆ.

ಇನ್ನು ಲೆಕ್ಕ. ಶೇ 10 ಕೊರತೆ, ಹಾಗಾಗಿ 12 ಲೀಟರ್ ಸಾಕು ಎಂದು ಹಲವರು ಎಣಿಸುತ್ತಾರೆ. ಆದರೆ ಜಾಗ ಮಾಡಲು ತೆಗೆಯುವ ದ್ರವದಲ್ಲೂ ಗ್ಲೈಕಾಲ್ ಇರುತ್ತದಲ್ಲ! 12 ಲೀಟರ್ ಬದಲಿಸಿದರೆ ಶೇ 28 ಮಾತ್ರ ಆಗುತ್ತದೆ. 15 ಲೀಟರ್ ತೆಗೆದು, ನೀರು ಬೆರೆಸದ 15 ಲೀಟರ್ ಗ್ಲೈಕಾಲ್ ತುಂಬಿದರೆ ಸರಿಯಾಗಿ 30. ಆಗ ಸುಮಾರು ಮೈನಸ್ 13 ಡಿಗ್ರಿವರೆಗೆ ರಕ್ಷಣೆ. ಅಂದಹಾಗೆ, ಗ್ಲೈಕಾಲ್ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಪ್ರೊಪಿಲೀನ್ ಗೆರೆಯನ್ನೇ ಓದಿದ್ದೀರಾ? ಪಕ್ಕದ ಎಥಿಲೀನ್ ಗೆರೆ ಓದಿದರೆ ಇಷ್ಟೂ ಲೆಕ್ಕ ತಪ್ಪುತ್ತದೆ.

ಬಾಯ್ಲರ್ ಆರಿಸಿ, ಪೂರ್ತಿ ತಣಿಯಲಿ. ನೀರು ತುಂಬುವ ವಾಲ್ವ್ ಮುಚ್ಚಿ, ಅತಿ ಕೆಳಗಿನ ಡ್ರೇನ್ ಕಾಕ್‌ನಿಂದ 15 ಲೀಟರನ್ನು ಬಕೆಟ್ಟಿಗೆ ಅಳೆದು ಇಳಿಸಿ, ಚರಂಡಿಗೆ ಬಿಡಬೇಡಿ. ಅದೇ ಕಾಕ್‌ಗೆ ಹ್ಯಾಂಡ್ ಪಂಪಿನ ಪೈಪ್ ಸಿಕ್ಕಿಸುವ ಮೊದಲು ಪೈಪಿನ ತುದಿಯವರೆಗೆ ಗ್ಲೈಕಾಲ್ ತುಂಬಿಸಿಕೊಳ್ಳಿ, ಇಲ್ಲದಿದ್ದರೆ ಗಾಳಿಯೂ ಒಳಹೋಗುತ್ತದೆ. ತುಂಬಿದ ಮೇಲೆ ರೇಡಿಯೇಟರ್‌ಗಳ ಗಾಳಿ ಬಿಟ್ಟು, ತಣ್ಣಗಿದ್ದಾಗ 1ರಿಂದ 1.5 ಬಾರ್ ಇರುವಂತೆ ನೋಡಿಕೊಳ್ಳಿ. ಬೆರೆಯಲು ಹೊತ್ತು ಬೇಕು. ಒಂದು ದಿನ ಓಡಿಸಿ ಮತ್ತೆ ಅಳೆಯಿರಿ.

ಹೀಟಿಂಗ್‌ಗೆಂದೇ ಮಾರುವ ಗ್ಲೈಕಾಲ್‌ನಲ್ಲಿ ತುಕ್ಕು ತಡೆಯುವ ಇನ್‌ಹಿಬಿಟರ್ ಸಾಮಾನ್ಯವಾಗಿ ಬೆರೆತೇ ಇರುತ್ತದೆ. ಡಬ್ಬಿಯ ಮೇಲೆ ಹಾಗೆಂದಿದ್ದರೆ ಇನ್ನೊಂದು ಕಂಪನಿಯ ಇನ್‌ಹಿಬಿಟರನ್ನು ಮೇಲೆ ಸುರಿಯಬೇಡಿ. ಎರಡು ರಸಾಯನ ಹೊಂದದೆ ಗಷ್ಟು ಕಟ್ಟಬಹುದು. ಹಳೆಯ ದ್ರವ ಕಂದಾಗಿ, ಹುಳಿ ವಾಸನೆ ಬಂದು, ಪಿಎಚ್ 7ಕ್ಕಿಂತ ಇಳಿದಿದ್ದರೆ ಸೇರಿಸಿ ಫಲವಿಲ್ಲ. ಪೂರ್ತಿ ಖಾಲಿ ಮಾಡಿ, ತೊಳೆದು, ಹೊಸದಾಗಿ ತುಂಬಬೇಕು.

ಕಾರಿನ ಕೂಲೆಂಟ್ ಖಂಡಿತ ಬೇಡ. ಹೆಚ್ಚಿನವು ಎಥಿಲೀನ್ ಗ್ಲೈಕಾಲ್, ಅದು ವಿಷ. ಬಿಸಿನೀರಿನ ಕಾಯಿಲ್ ಎಲ್ಲಾದರೂ ಸೋರಿದರೆ ಬಳಕೆಯ ನೀರಿಗೇ ಸೇರುತ್ತದೆ. ಕೆಲವದರಲ್ಲಿರುವ ಸಿಲಿಕೇಟ್ ಜೆಲ್ಲಿಯಾಗಿ ಪಂಪಿನಲ್ಲೂ ಕಟ್ಟಿಕೊಳ್ಳುತ್ತದೆ.

ಮುಂದೆ ಪ್ರೆಷರ್ ಇಳಿದರೆ ನಲ್ಲಿ ನೀರಲ್ಲ, ಖನಿಜ ತೆಗೆದ ನೀರಿನಲ್ಲಿ ಶೇ 30ಕ್ಕೆ ಬೆರೆಸಿಟ್ಟ ಗ್ಲೈಕಾಲನ್ನೇ ಹಾಕಿ.