ಕನ್ನಡದಲ್ಲಿರುವ ನರ್ಸರಿ ವೆಬ್‌ಸೈಟ್ ಗೂಗಲ್‌ನಲ್ಲಿ ಕಾಣಿಸುತ್ತಿಲ್ಲ, ತಿಂಗಳಿಗೆ 15,000 ಕೊಟ್ಟು ಎಸ್‌ಇಒ ಮಾಡಿಸಬೇಕೇ?

ನೀವು ಕೇಳಿದ್ದು ಇಷ್ಟು: ಶಿರಸಿ ಹತ್ತಿರ ಅಡಿಕೆ, ಕಾಳುಮೆಣಸಿನ ಸಸಿಗಳ ನರ್ಸರಿ ಇದೆ. ವರ್ಡ್‌ಪ್ರೆಸ್‌ನಲ್ಲಿ ಕನ್ನಡ ವೆಬ್‌ಸೈಟ್ ಮಾಡಿಸಿ ಎಂಟು ತಿಂಗಳಾಯಿತು, 60 ಪುಟ ಹಾಕಿದ್ದೀರಿ, ದಿನಕ್ಕೆ ನಾಲ್ಕೈದು ಜನ ಬಂದರೆ ಹೆಚ್ಚು. ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ ಕೆಲಸದ ಏಜೆನ್ಸಿಯೊಂದು ತಿಂಗಳಿಗೆ 15,000 ರೂಪಾಯಿಗೆ 500 ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಿಮ್ಮ ಸೈಟಿಗೆ ಬರುವ ಲಿಂಕ್), ಆರು ತಿಂಗಳಲ್ಲಿ ಗೂಗಲ್ ಮೊದಲ ಪುಟ ಗ್ಯಾರಂಟಿ ಅನ್ನುತ್ತಿದೆ.

ಕೊಡಬೇಡಿ. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಸಾಧ್ಯವಿಲ್ಲ ಎಂದು ಗೂಗಲ್ಲೇ ತನ್ನ ಸೂಚನೆಗಳಲ್ಲಿ ಹೇಳಿದೆ. ಇಂಥ ಗ್ಯಾರಂಟಿಯನ್ನು ಸಾಮಾನ್ಯವಾಗಿ ಪೂರೈಸುವುದು ನಿಮ್ಮ ನರ್ಸರಿಯ ಹೆಸರನ್ನೇ ಹುಡುಕಿ ತೋರಿಸಿ. ಹೆಸರು ಗೊತ್ತಿದ್ದವರು ಹೇಗೂ ಫೋನ್ ಮಾಡುತ್ತಾರೆ. ಇನ್ನು ದುಡ್ಡು ಕೊಟ್ಟು ತಂದ ಲಿಂಕ್‌ಗಳು ಗೂಗಲ್‌ನ ಸ್ಪ್ಯಾಮ್ ನೀತಿಗೆ ವಿರುದ್ಧ. ಇಂಥ ಲಿಂಕ್‌ಗಳನ್ನು ಹಿಡಿಯಲು ಗೂಗಲ್ 2012ರಲ್ಲಿ ತಂದ ಪೆಂಗ್ವಿನ್ ಅಪ್‌ಡೇಟ್ 2016ರಲ್ಲಿ ಅದರ ಮುಖ್ಯ ವ್ಯವಸ್ಥೆಯಲ್ಲೇ ಸೇರಿಹೋಯಿತು. ಅಲ್ಲಿಂದೀಚೆಗೆ ಇಂಥ ಲಿಂಕ್‌ಗಳನ್ನು ಬಹುಮಟ್ಟಿಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ದುಡ್ಡು ನೀರಿನಲ್ಲಿ ಹೋಮ ಮಾಡಿದಂತೆ. ಕೆಟ್ಟರೆ ಮ್ಯಾನುಯಲ್ ಆಕ್ಷನ್ (ಗೂಗಲ್ ಸಿಬ್ಬಂದಿಯೇ ನೋಡಿ ಹಾಕುವ ದಂಡನೆ) ಬಂದು ಇರುವುದೂ ಹೋಗುತ್ತದೆ.

ನಾನಾದರೆ ಮೊದಲು ಸರ್ಚ್ ಕನ್ಸೋಲ್ ತೆರೆಯುತ್ತೇನೆ, ಗೂಗಲ್‌ಗೆ ನಿಮ್ಮ ಸೈಟ್ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್‌ನದೇ ಸಾಧನ. ಅದು ಉಚಿತ. ಡೊಮೇನ್ (ಸೈಟಿನ ಹೆಸರು) ಕೊಂಡ ಕಡೆ ಡಿಎನ್‌ಎಸ್ ಎಂಬ ಸೆಟ್ಟಿಂಗ್‌ನಲ್ಲಿ ಗೂಗಲ್ ಕೊಡುವ ಸಂಕೇತವನ್ನು ಟಿಎಕ್ಸ್‌ಟಿ ದಾಖಲೆಯಾಗಿ ಸೇರಿಸಿದರೆ ಮಾಲೀಕತ್ವ ಸಾಬೀತಾಗುತ್ತದೆ. ಇದನ್ನು ನಿಮ್ಮದೇ ಜಿಮೇಲ್‌ನಿಂದ ಮಾಡಿ. ಮುಂದೆ ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಂಡರೂ ಅವರಿಗೆ ಬಳಕೆದಾರರ ಅನುಮತಿ ಸಾಕು, ಮಾಲೀಕರು ನೀವೇ ಇರಬೇಕು. ಡೊಮೇನ್ ನೋಂದಣಿಯೂ ಹಾಗೆಯೇ. ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಲ್ಲಿದ್ದರೆ ಇವತ್ತೇ ವರ್ಗ ಮಾಡಿಸಿಕೊಳ್ಳಿ.

ನೋಡಬೇಕಾದ್ದು ನಿಮ್ಮ ತೊಡಕು ಯಾವ ಹಂತದಲ್ಲಿದೆ ಅನ್ನುವುದನ್ನು. ಗೂಗಲ್ ಪುಟವನ್ನು ಓದಿಯೇ ಇಲ್ಲವೇ, ಓದಿಯೂ ಇಟ್ಟುಕೊಂಡಿಲ್ಲವೇ, ಇಟ್ಟುಕೊಂಡಿದ್ದರೂ ತೋರಿಸುತ್ತಿಲ್ಲವೇ, ತೋರಿಸಿದರೂ ಜನ ಒತ್ತುತ್ತಿಲ್ಲವೇ? ನಾಲ್ಕಕ್ಕೂ ಮದ್ದು ಬೇರೆ ಬೇರೆ. ಇದನ್ನು ತಿಳಿಯದೆ ಮಾಡುವ ಎಸ್‌ಇಒ ಎಲ್ಲ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಸರ್ಚ್ ಕನ್ಸೋಲ್‌ನ ಪೇಜಸ್ ವರದಿಯಲ್ಲಿ 60 ಪುಟಗಳ ಪೈಕಿ ಎಷ್ಟು ಇಂಡೆಕ್ಸ್ ಆಗಿವೆ, ಅಂದರೆ ಗೂಗಲ್ ತನ್ನ ಪಟ್ಟಿಯಲ್ಲಿ ಇಟ್ಟುಕೊಂಡಿದೆ ನೋಡಿ. ಒಂದೂ ಆಗಿಲ್ಲದಿದ್ದರೆ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್, ರೀಡಿಂಗ್‌ಗೆ ಹೋಗಿ. ಸರ್ಚ್ ಎಂಜಿನ್‌ಗಳು ಬರಬೇಡಿ ಎನ್ನುವ ಒಂದು ಟಿಕ್ ಅಲ್ಲಿದೆ. ಸೈಟ್ ಕಟ್ಟುವಾಗ ಹಾಕಿ ಆಮೇಲೆ ತೆಗೆಯಲು ಮರೆಯುವುದು ತೀರಾ ಸಾಮಾನ್ಯ. ‘ಡಿಸ್ಕವರ್ಡ್’ ಎಂದಿದ್ದರೆ ಪುಟ ಇರುವುದು ಗೊತ್ತು, ಇನ್ನೂ ಬಂದು ಓದಿಲ್ಲ ಎಂದರ್ಥ. ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದಿದ್ದರೆ ಬಂದು ಓದಿದೆ, ಇಟ್ಟುಕೊಳ್ಳುವಷ್ಟು ಸರಕು ಕಾಣಲಿಲ್ಲ. ಎರಡನೆಯದಕ್ಕೆ ಮತ್ತೆ ಮತ್ತೆ ಇಂಡೆಕ್ಸಿಂಗ್ ಕೋರಿಕೆ ಕಳಿಸಿ ಪ್ರಯೋಜನವಿಲ್ಲ, ಪುಟವನ್ನೇ ಗಟ್ಟಿ ಮಾಡಬೇಕು.

ಕನ್ನಡದಂಥ ಭಾರತೀಯ ಭಾಷೆಗಳ ಸೈಟ್‌ಗಳಿಗೆ ಇರುವ ಒಂದು ತೊಂದರೆ ಇದೆ. ಪಠ್ಯವನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಹಳೆಯ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ್ದು) ಹಾಕಿ ಟೈಪ್ ಮಾಡಿಸಿದ್ದರೆ ನಿಮ್ಮ ಕಣ್ಣಿಗೆ ಕನ್ನಡ, ಗೂಗಲ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪರೀಕ್ಷೆ ಸುಲಭ: ಪುಟದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಕೇತವಿರುವ ಜಾಗತಿಕ ಪದ್ಧತಿ), ಚಿಂತೆಯಿಲ್ಲ. ಕಲಸುಮೇಲೋಗರ ಬಂದರೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತರಬೇಕು. ತಂದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟ್‌ಗಳಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲಿಯೇ. ಸಸಿಗಳ ದರಪಟ್ಟಿಯನ್ನು ವಾಟ್ಸಾಪ್‌ಗೆ ಮಾಡಿದ ಪೋಸ್ಟರ್ ಚಿತ್ರವಾಗಿಯೇ ಸೈಟಿಗೆ ಹಾಕಿದ್ದರೂ ಹೆಚ್ಚುಕಡಿಮೆ ಇದೇ ಕಥೆ. ಚಿತ್ರದೊಳಗಿನ ಅಕ್ಷರ ನಂಬಿ ಕೂರಬೇಡಿ, ತಳಿ, ದರ, ಸಸಿಯ ವಯಸ್ಸು ಎಲ್ಲವನ್ನೂ ಟೈಪ್ ಮಾಡಿ ಹಾಕಿ.

ಪುಟದ ವಿಳಾಸವನ್ನೂ ಗಮನಿಸಿ. ‘ಅಡಿಕೆ-ಕೊಳೆ-ರೋಗ’ ಎಂಬುದು ನಮಗೆ ಏಳು ಅಕ್ಷರ. ಯೂನಿಕೋಡ್‌ನಲ್ಲಿ ಸ್ವರಚಿಹ್ನೆಗಳನ್ನು ಬಿಡಿಯಾಗಿ ಎಣಿಸಿದರೆ 12 ಸಂಕೇತ. ಒಂದೊಂದಕ್ಕೂ ಮೂರು ಬೈಟ್, ಲಿಂಕ್ ಕಾಪಿ ಮಾಡಿದಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುತ್ತದೆ. ಎರಡು ಹೈಫನ್ ಸೇರಿಸಿ ಒಟ್ಟು 110 ಅಕ್ಷರದ ಹಾವು. ವರ್ಡ್‌ಪ್ರೆಸ್ ಈ ಭಾಗಕ್ಕೆ ಇಟ್ಟಿರುವ ಮಿತಿ 200 ಅಕ್ಷರ, ಹಾಗಾಗಿ ಉದ್ದ ಶೀರ್ಷಿಕೆಯ ವಿಳಾಸ ಸುಮಾರು 22 ಸಂಕೇತಕ್ಕೆ ಅರ್ಧಕ್ಕೇ ತುಂಡಾಗುತ್ತದೆ. ಗೂಗಲ್‌ಗೆ ಕನ್ನಡ ವಿಳಾಸ ಓದಲು ಕಷ್ಟವಿಲ್ಲ, ಸ್ಥಾನವೂ ಇದರಿಂದ ಕುಸಿಯುವುದಿಲ್ಲ. ಆದರೆ ರೈತರ ಗುಂಪಿನಲ್ಲಿ ಆ ಉದ್ದ ಲಿಂಕ್ ನೋಡಿದವರು ಏನೋ ವೈರಸ್ ಇರಬೇಕು ಎಂದು ಒತ್ತುವುದೇ ಇಲ್ಲ. ಹೊಸ ಪುಟಗಳಿಗೆ ಅದೇ ಮೂರು ಪದವನ್ನು ರೋಮನ್ ಸಣ್ಣಕ್ಷರದಲ್ಲಿ ಕೊಡಿ. ಈಗಾಗಲೇ ಜನ ಬರುತ್ತಿರುವ ಪುಟದ ವಿಳಾಸ ಮುಟ್ಟಬೇಡಿ. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ಶಾಶ್ವತ ಏರ್ಪಾಡು) ಇರಲೇಬೇಕು.

ಈಗ ಬರವಣಿಗೆಗೆ ಬರೋಣ, ಫಲ ಸಿಗುವುದು ಇಲ್ಲಿಯೇ. 60 ಪುಟಗಳಲ್ಲಿ ಕೊಳೆ ರೋಗದ ಬಗ್ಗೆಯೇ ನಾಲ್ಕು ಇವೆ, ಒಂದೊಂದೂ 150 ಪದ ಎಂದು ನೀವೇ ಬರೆದಿದ್ದೀರಿ. ಗೂಗಲ್‌ಗೆ ಯಾವುದನ್ನು ತೋರಿಸಬೇಕೆಂದು ತಿಳಿಯದು, ಓದುಗನಿಗೂ ಯಾವುದರಲ್ಲೂ ಪೂರ್ತಿ ಉತ್ತರವಿಲ್ಲ. ನಾಲ್ಕನ್ನೂ ಒಂದು ಮಾಡಿ, ಉಳಿದ ಮೂರು ವಿಳಾಸಗಳನ್ನು ಅದಕ್ಕೆ ರೀಡೈರೆಕ್ಟ್ ಮಾಡಿ. ಶೀರ್ಷಿಕೆ ‘ಅಡಿಕೆ ಕೊಳೆ ರೋಗ: ಬೋರ್ಡೋ ದ್ರಾವಣ ಮಾಡುವ ಅಳತೆ, ಸಿಂಪಡಿಸುವ ಸಮಯ’ ಎಂದಿರಲಿ. ಮೊಬೈಲಿನಲ್ಲಿ ಶೀರ್ಷಿಕೆಯ ಬಾಲ ಕತ್ತರಿಸಿಹೋಗುತ್ತದೆ, ಆದ್ದರಿಂದ ಹುಡುಕುವ ಮಾತು ಮೊದಲ ಮೂರು ಪದದಲ್ಲೇ ಬರಬೇಕು. ‘ನಮ್ಮ ನರ್ಸರಿಗೆ ಸುಸ್ವಾಗತ’ ಎಂದು ಶುರುಮಾಡಿದರೆ ಆ ಜಾಗ ವ್ಯರ್ಥ.

ತೋಟದಲ್ಲಿ ನಿಂತು ಫೋನ್ ತೆಗೆದವನಿಗೆ ಬೇಕಾಗಿರುವುದು ಅಳತೆ. ಅದನ್ನು ಮೊದಲ ಪ್ಯಾರಾದಲ್ಲೇ ಕೊಡಿ: ಶೇ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತ 50 ಲೀಟರ್‌ನಲ್ಲಿ, ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ, ಪ್ಲಾಸ್ಟಿಕ್ ಡ್ರಮ್‌ಗಳಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯಬೇಕು, ತಿರುವುಮುರುವು ಮಾಡಬಾರದು. ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಅಂದು ಮಾಡಿದ್ದು ಅಂದೇ ಮುಗಿಯಬೇಕು. ಮೊದಲ ಸಿಂಪಡಣೆ ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ. ಕತ್ತಿ ಅದ್ದಿದ ಫೋಟೋ ನಿಮ್ಮದೇ ತೋಟದಲ್ಲಿ ತೆಗೆದದ್ದು ಹಾಕಿ. ಎಲ್ಲಿಂದಲೋ ನಕಲು ಮಾಡಿದ 50 ಪುಟಕ್ಕಿಂತ ಇಂಥ ಒಂದು ಪುಟ ಮೇಲು, ಇದು ನನ್ನ ದೃಢವಾದ ಅಭಿಪ್ರಾಯ.

ಪದಗಳ ಆಯ್ಕೆಗೆ ದುಬಾರಿ ಟೂಲ್ ಬೇಡ, ಜನರ ಬಾಯಿಮಾತು ಬೇಕು. ಕೆಲವರು ಅಡಿಕೆ ಎಂದು ಬರೆಯುತ್ತಾರೆ, ಕೆಲವರು ಅಡಕೆ. ಕೊಳೆ ರೋಗವನ್ನೇ ಮಹಾಳಿ ಎನ್ನುವವರಿದ್ದಾರೆ. ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಎಲ್ಲ ಒಂದೇ ಬಳ್ಳಿ. ಹೀಗೆ ಒಂದೊಂದು ಹೆಸರಿಗೂ ಒಂದೊಂದು ಪುಟ ಮಾಡಬೇಡಿ. ಒಂದೇ ಪುಟದಲ್ಲಿ ‘ಇದನ್ನೇ ಮಹಾಳಿ ಎಂದೂ ಕರೆಯುತ್ತಾರೆ’ ಎಂಬ ಸಹಜ ವಾಕ್ಯ ಸಾಕು. ಬಹಳ ಜನ ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ ಹುಡುಕುತ್ತಾರೆ. ರೋಗದ ಹೆಸರನ್ನು ಒಮ್ಮೆ ರೋಮನ್ ಲಿಪಿಯಲ್ಲೂ ಪುಟದೊಳಗೆ ಬರೆದಿಡಿ. ಹುಡುಕುವ ಪದಗಳನ್ನು ಪುಟದ ಕೋಡ್‌ನೊಳಗೆ ಬಚ್ಚಿಡುವ ಕೀವರ್ಡ್ಸ್ ಮೆಟಾ ಟ್ಯಾಗ್ ತುಂಬುವ ಶ್ರಮ ಬೇಡ, ಅದನ್ನು ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಎಐನಿಂದ ವಾರಕ್ಕೆ 100 ಪುಟ ಬರೆಸುವ ಆಸೆಯನ್ನು ದಯವಿಟ್ಟು ಬಿಡಿ. 2024ರ ಮಾರ್ಚ್‌ನಿಂದ ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿ ಹಾಕುವುದು, ಅದನ್ನು ಯಂತ್ರ ಬರೆದಿರಲಿ ಮನುಷ್ಯ ಬರೆದಿರಲಿ, ಸ್ಪ್ಯಾಮ್ ನೀತಿಯಡಿ ಬರುತ್ತದೆ. ಅದಕ್ಕಿಂತ ದೊಡ್ಡ ಮಾತು, ಔಷಧಿ ಪ್ರಮಾಣದಲ್ಲಿ ಒಂದು ಸೊನ್ನೆ ಹೆಚ್ಚಾದರೆ ಸುಡುವುದು ಯಾರದೋ ತೋಟ.

ಎರಡು ಮೂರು ತಿಂಗಳಾದ ಮೇಲೆ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ತೆರೆಯಿರಿ. ಹೆಚ್ಚೆಂದರೆ 16 ತಿಂಗಳವರೆಗಿನ ಲೆಕ್ಕ ಅಲ್ಲಿ ಸಿಗುತ್ತದೆ. ಸರಾಸರಿ ಸ್ಥಾನ 8ರಿಂದ 20ರೊಳಗೆ ಇರುವ ಹುಡುಕಾಟಗಳನ್ನು ಬೇರೆ ಮಾಡಿ. ಸ್ವಲ್ಪ ತಳ್ಳಿದರೆ ಮೇಲೆ ಬರುವಂಥವು ಅವು. ಆ ಪ್ರಶ್ನೆಗೆ ಪುಟದಲ್ಲಿ ನೇರ ಉತ್ತರ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ, ಬೇರೆ ಪುಟಗಳಿಂದ ಅದಕ್ಕೆ ಲಿಂಕ್ ಕೊಡಿ. ಸ್ಥಾನ 3–4 ಇದ್ದೂ ಯಾರೂ ಒತ್ತುತ್ತಿಲ್ಲವಾದರೆ ತಪ್ಪು ಬಹುಶಃ ಶೀರ್ಷಿಕೆಯದ್ದು.

ವೇಗದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗೂಗಲ್‌ನ ಗುರಿ: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಪುಟ ಜಿಗಿದಾಡುವ ಅಂಕ 0.1 ಮೀರಬಾರದು. ಫೋನಿನಿಂದ ನೇರ ಏರಿಸಿದ 4 ಎಂಬಿ ಫೋಟೋಗಳನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ (ಫೈಲ್ ಚಿಕ್ಕದಾಗುವ ಚಿತ್ರ ಮಾದರಿ) ಮಾಡಿ, ಸಾಮಾನ್ಯವಾಗಿ 150 ಕೆಬಿಯೊಳಗೆ ಬರುತ್ತದೆ. ಮೇಲಿನ ಮೊದಲ ಚಿತ್ರಕ್ಕೆ ಲೇಜಿ ಲೋಡ್ (ಚಿತ್ರವನ್ನು ತಡವಾಗಿ ಇಳಿಸುವ ಆಯ್ಕೆ) ಹಾಕಬೇಡಿ. ಕನ್ನಡ ವೆಬ್‌ಫಾಂಟ್‌ನ ನಾಲ್ಕೈದು ದಪ್ಪಗಳನ್ನು ಹೇರುವ ಬದಲು ಫೋನಿನಲ್ಲೇ ಇರುವ ಫಾಂಟ್ ಬಳಸಿದರೆ ಇಳಿಸುವುದೇ ಬೇಡ. ಫಾಂಟ್ ಕತ್ತರಿಸಿ ಚಿಕ್ಕದು ಮಾಡುವವರು ಅದರ ಜೋಡಣೆಯ ಕೋಷ್ಟಕಗಳನ್ನು ಕಳೆದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗುತ್ತವೆ.

ಸಸಿ ಮಾರಾಟಕ್ಕೆ ವೆಬ್‌ಸೈಟ್‌ಗಿಂತ ಬೇಗ ಕೈಹಿಡಿಯುವುದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ವ್ಯಾಪಾರದ ಖಾತೆ. ‘ಪ್ಲಾಂಟ್ ನರ್ಸರಿ’ ವರ್ಗ ಆರಿಸಿ. ಹೆಸರು ಬೋರ್ಡಿನಲ್ಲಿ ಇರುವಷ್ಟೇ ಇರಲಿ. ‘ಶಿರಸಿಯ ಬೆಸ್ಟ್ ಅಡಿಕೆ ಸಸಿ’ ಎಂದೆಲ್ಲ ಬಾಲ ಸೇರಿಸಿದರೆ ಖಾತೆಯೇ ಅಮಾನತಾಗಬಹುದು. ಪರಿಶೀಲನೆಗೆ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ: ರಸ್ತೆ, ಬೋರ್ಡು, ಸಸಿಗಳ ಸಾಲು, ಒಳಗೆ ನೀವು ಕೆಲಸ ಮಾಡುವ ಜಾಗ, ಎಲ್ಲ ಒಂದೇ ಓಟದಲ್ಲಿ ತೆಗೆಯಿರಿ. ಗೇಟಿನ ಮುಂದೆಯೇ ಪಿನ್ ಬೀಳುವಂತೆ ಮಾಡಿ. ಸಸಿ ಒಯ್ದವರಲ್ಲಿ ವಿಮರ್ಶೆ ಬರೆಯಿರಿ ಎಂದು ಕೇಳುವುದು ತಪ್ಪಲ್ಲ. ಬರೆದರೆ ಎರಡು ಸಸಿ ಉಚಿತ ಅನ್ನುವುದು ನಿಯಮಬಾಹಿರ. ಮ್ಯಾಪ್‌ನಲ್ಲಿ ದೂರವೂ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಸಾಗರದಲ್ಲಿ ಕೂತು ಹುಡುಕುವವರಿಗೆ ನೀವು ಮೊದಲು ಕಾಣದಿದ್ದರೆ ಅದನ್ನು ದೋಷವೆಂದು ತಿಳಿಯಬೇಡಿ.

ಲಿಂಕ್ ಬೇಕೇ ಬೇಕು ಎನ್ನುವುದಾದರೆ ಊರಿನ ಸಹಕಾರಿ ಸಂಘ, ನಿಮ್ಮ ಸಸಿ ಒಯ್ದ ರೈತ ಉತ್ಪಾದಕ ಕಂಪನಿ, ಕೃಷಿ ಪತ್ರಿಕೆಯ ಲೇಖನ, ಇಂಥ ಕಡೆಯಿಂದ ಬರುವ ಮೂರೋ ನಾಲ್ಕೋ ಲಿಂಕ್‌ಗೆ ಆ 500ಕ್ಕಿಲ್ಲದ ಬೆಲೆಯಿದೆ. ವಾಟ್ಸಾಪ್ ಗುಂಪಿಗೆ ಕಳಿಸುವ ಲಿಂಕ್‌ಗೆ ಯುಟಿಎಂ ಗುರುತು (ಎಲ್ಲಿಂದ ಬಂದರೆಂದು ಹೇಳಲು ವಿಳಾಸದ ಕೊನೆಗೆ ಸೇರಿಸುವ ಪದಗಳು) ಸೇರಿಸಿ. ಇಲ್ಲದಿದ್ದರೆ ಸೈಟಿಗೆ ಬಂದವರ ಲೆಕ್ಕವಿಡುವ ಗೂಗಲ್ ಅನಲಿಟಿಕ್ಸ್ ಸಾಮಾನ್ಯವಾಗಿ ಅವರನ್ನೆಲ್ಲ ‘ಡೈರೆಕ್ಟ್’ (ನೇರ ಬಂದವರು) ಎಂದು ತೋರಿಸುತ್ತದೆ, ಎಲ್ಲಿಂದ ಬಂದರೆಂದು ತಿಳಿಯುವುದೇ ಇಲ್ಲ.

ಇಷ್ಟಕ್ಕೂ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕಾಗಬಹುದು. ಹಾಗಾಗಿ ಕೊಳೆ ರೋಗದ ಪುಟವನ್ನು ಜುಲೈನಲ್ಲಿ ರೋಗ ಬಂದಾಗ ಬರೆಯುವುದಲ್ಲ, ಬೇಸಿಗೆಯಲ್ಲೇ ಮುಗಿಸಿಡಿ, ಪ್ರತಿ ವರ್ಷ ಅದೇ ವಿಳಾಸದಲ್ಲಿ ತಿದ್ದುತ್ತಾ ಹೋಗಿ. ನಡುವೆ ಸಸಿ ನೆಡುವ ಕಾಲಕ್ಕೆ ಮಾರಾಟ ಬೇಕಾದರೆ ಆ 15,000ದಲ್ಲಿ ಒಂದಿಷ್ಟನ್ನು ಗೂಗಲ್ ಜಾಹೀರಾತಿಗೆ ಹಾಕಿ: ಮೇ ಕೊನೆಯಿಂದ ಐದಾರು ವಾರ, ನರ್ಸರಿಯ ಸುತ್ತ 50 ಕಿಲೋಮೀಟರ್‌ನೊಳಗೆ, ಒತ್ತಿದರೆ ನೇರ ಕರೆ ಹೋಗುವಂತೆ. ಸ್ಥಳದ ಆಯ್ಕೆಯಲ್ಲಿ ‘ಪ್ರೆಸೆನ್ಸ್’ (ಆ ಜಾಗದಲ್ಲಿ ಇರುವವರು) ಮಾತ್ರ ಇಟ್ಟುಕೊಳ್ಳಿ. ಅಲ್ಲಿ ತಾನಾಗಿ ಇರುವುದು ‘ಪ್ರೆಸೆನ್ಸ್ ಆರ್ ಇಂಟರೆಸ್ಟ್’ (ಅಲ್ಲಿ ಇರುವವರು ಅಥವಾ ಆ ಜಾಗದ ಬಗ್ಗೆ ಆಸಕ್ತಿ ತೋರಿದವರು). ಅದನ್ನು ಬದಲಿಸದಿದ್ದರೆ ಬೆಂಗಳೂರಿನಲ್ಲಿ ಕೂತು ಶಿರಸಿ ಪ್ರವಾಸದ ಬಗ್ಗೆ ಹುಡುಕುವವರಿಗೂ ಜಾಹೀರಾತು ಹೋಗಿ ನಿಮ್ಮ ದುಡ್ಡು ಕರಗುತ್ತದೆ.